ನಾಲ್ಕು ತೂತಿನ ಕಂತೆ

"ತಲೆ ಕಡೆಯಿಂದ ಎತ್ತಿ, ಕಾಲ ಕಡೆಯಿಂದಲ್ಲ!" ಎಂದು ಕೆಳಗಿನ ಮೆಟ್ಟಿಲಿನಿಂದ ಮನೆಯ ಯಜಮಾನಿ ಕೂಗಿದಳು.

"ತಲೆ ಯಾವ ಕಡೆ ಅನ್ನೋದೇ ಮರ್ತುಹೋಗಿದೆ ಕಣಮ್ಮ," ಎಂದು ಪೆಟ್ಟಿಗೆಯ ಅಡಿಯಿಂದ ಜವಾನನ ದನಿ ಬಂತು.

ಮೂರನೆಯ ಮಹಡಿಯಿಂದ ಸುಸೂತ್ರವಾಗಿ ಇಳಿದು ಬಂದಿದ್ದ ಶವದ ಪೆಟ್ಟಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ ಸಿಕ್ಕಿಕೊಂಡಿತ್ತು. ಒಂದು ಮೂಲೆ ಗೋಡೆಯ ಸುಣ್ಣ ಕೆರೆದಿತ್ತು. ಇನ್ನೊಂದು ಮೂಲೆ ಮೆಟ್ಟಿಲಿನ ಕಂಬಿಗಳ ನಡುವೆ ಹೊಕ್ಕಿತ್ತು. ಹೊತ್ತವರು ನಾಲ್ವರು. ಇಬ್ಬರು ವ್ಯಾನಿನವರು, ಒಬ್ಬ ದಾಖಲೆ ಕಚೇರಿಯ ನಿವೃತ್ತ ಜವಾನ, ಇನ್ನೊಬ್ಬ ಅಂಟಣ್ಣ.

ಅಂಟಣ್ಣನೆಂದರೆ ಅದೇ ಕಚೇರಿಯಲ್ಲಿ ರಿಜಿಸ್ಟರುಗಳಿಗೆ ಬೈಂಡು ಹಾಕುತ್ತಿದ್ದವನು. ಅವನಿಗೆ ಬೇರೊಂದು ಹೆಸರಿತ್ತು, ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದು ಯಾರ ಬಾಯಲ್ಲೂ ಬರಲಿಲ್ಲ. ನಲವತ್ತು ವರ್ಷ ಬೆರಳ ಸಂದಿಯಲ್ಲಿ ಅಂಟು ಒಣಗಿಸಿಕೊಂಡವನಿಗೆ ಅದಕ್ಕಿಂತ ಒಪ್ಪುವ ಹೆಸರೂ ಇರಲಿಲ್ಲ. ಪೆಟ್ಟಿಗೆಯೊಳಗಿದ್ದವಳು ಆ ಕಚೇರಿಯ ರೆಕಾರ್ಡಮ್ಮ. ಊರಿನ ಹುಟ್ಟು ಸಾವುಗಳ ಕೋಣೆಯನ್ನು ಮೂವತ್ತೆಂಟು ವರ್ಷ ನೋಡಿಕೊಂಡವಳು. ಮೊನ್ನೆ ಬೆಳಿಗ್ಗೆ ಯಜಮಾನಿ ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಒಳಗೆ ಹೋದಾಗ, ಮೇಜಿನ ಮೇಲೆ ತಲೆಯಿಟ್ಟು ಕುಳಿತಿದ್ದಳಂತೆ. ಪೆನ್ನಿನ ಮುಚ್ಚಳ ತೆಗೆದೇ ಇತ್ತು.

"ನಿಲ್ಲಿಸಿ ಇಳಿಸ್ಬೇಕು," ಎಂದ ಅಂಟಣ್ಣ. ಅಳತೆಯ ವಿಷಯದಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ. "ಮಲಗಿಸ್ಕೊಂಡು ತಿರುಗಲ್ಲ ಇದು. ಎರಡು ಬೆರಳು ಜಾಸ್ತಿ ಇದೆ."

"ನಿಲ್ಸೋದಾ?" ವ್ಯಾನಿನವನು ಹಿಂಜರಿದ.

"ನಿಲ್ಲಿಸ್ರೀ, ಏನೂ ಆಗಲ್ಲ," ಎಂದ ಜವಾನ. "ಜೀವಮಾನವೆಲ್ಲ ಏಣಿ ಮೇಲೆ ನಿಂತೇ ನೌಕರಿ ಮಾಡಿದವರು. ಅವರಿಗೆ ಅಭ್ಯಾಸ ಇದೆ."

"ಬಾಯಿಗೆ ಬೀಗ ಇಲ್ವಾ ನಿಮಗೆ?" ಎಂದು ಯಜಮಾನಿ ಗದರಿದಳು. ಗದರಿ ಕಣ್ಣೊರೆಸಿಕೊಂಡಳು.

ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಒಳಗೆ ಏನೋ ಮೆಲ್ಲಗೆ ಜರುಗಿದ ಸದ್ದಾಯಿತು. ನಾಲ್ವರೂ ಕೇಳಿಸದವರಂತೆ ಇದ್ದರು. ತಿರುಗಿಸುವಾಗ ಅಂಟಣ್ಣ ಪೆಟ್ಟಿಗೆಯನ್ನು ಎರಡೂ ತೋಳಿನಿಂದ ತಬ್ಬಿ ಹಿಡಿಯಬೇಕಾಯಿತು. ಅವನ ಮುಖಕ್ಕೂ ಅವಳ ಮುಖಕ್ಕೂ ನಡುವೆ ಒಂದು ಹಲಗೆ. ಎರಡು ವರ್ಷದಿಂದ ಅವನು ಆ ಮುಖವನ್ನು ನೇರವಾಗಿ ನೋಡಿರಲಿಲ್ಲ. ಈಗಲಾದರೂ ಹೇಳಿಬಿಡಲೇ ಎನ್ನಿಸಿತು. ಕೇಳುವ ಕಿವಿ ಹೋದ ಮೇಲೆ ಬಂದ ಧೈರ್ಯಕ್ಕೆ ಅವನಿಗೇ ಹೇಸಿಗೆಯಾಯಿತು.

ವ್ಯಾನು ಹೊರಟ ಮೇಲೆ ಜವಾನ ಗಡಿಯಾರ ನೋಡಿಕೊಂಡ.

"ಅವರ ತಂಗಿ, ಆ ದರ್ಜಿಯಮ್ಮನಿಗೆ ವಿಷಯ ಮುಟ್ಟಿದೆ ತಾನೆ?"

"ನಿನ್ನೆಯೇ ಫೋನ್ ಮಾಡಿದೆ. ಮೊದಲನೇ ಬಸ್ಸಿಗೆ ಹೊರಡ್ತೀನಿ, ನೇರ ಸ್ಮಶಾನಕ್ಕೇ ಬರ್ತೀನಿ ಅಂದ್ರು," ಎಂದ ಅಂಟಣ್ಣ.

"ಹನ್ನೆರಡರ ಒಳಗೆ ಬಂದ್ರೆ ಸಾಕು. ರಕ್ತಸಂಬಂಧಿ ಸಹಿ ಇಲ್ದೆ ಹನ್ನೆರಡು ದಾಟಿದ್ರೆ ನಂಬರ್ ಸಾಲಿಗೆ ಹಾಕ್ತಾರಂತೆ. ಹೆಸರಿಲ್ಲ, ಕಲ್ಲಿಲ್ಲ, ಒಂದು ಕಬ್ಬಿಣದ ಗೂಟ, ಅದರ ಮೇಲೊಂದು ಅಂಕಿ. ಊರವರ ಹೆಸರೆಲ್ಲ ಕಾಪಾಡಿದವರಿಗೆ ಒಂದು ಅಂಕಿ! ಅದೊಂದು ಆಗ್ಬಾರ್ದು ಅಂಟಣ್ಣ."

ಆಗಬಾರದು ಎಂದು ಅಂಟಣ್ಣ ತಲೆಯಾಡಿಸಿದ. ಆ ಸಹಿ ಹಾಕಲು ಬಸ್ಸಿನಲ್ಲಿ ಬರುತ್ತಿದ್ದ ಹೆಂಗಸಿಗೂ ಈ ಪೆಟ್ಟಿಗೆಯಲ್ಲಿದ್ದ ಹೆಂಗಸಿಗೂ ಒಂದು ಹನಿ ರಕ್ತದ ಸಂಬಂಧವಿರಲಿಲ್ಲ. ಅದು ಗೊತ್ತಿದ್ದವನು ಅವನೊಬ್ಬ. ಹಾಗಾಗುವಂತೆ ಮಾಡಿದವನೂ ಅವನೇ.

*

ರೆಕಾರ್ಡಮ್ಮ ಬೆಳೆದದ್ದು ಅನಾಥಾಲಯದಲ್ಲಿ. ಹೆಸರಿಟ್ಟವರೂ ಅನಾಥಾಲಯದವರೇ. ಊರಿನಲ್ಲಿ ಯಾರ ಮಗ ಯಾರು, ಯಾರ ಅಜ್ಜಿ ಯಾವ ಮನೆಯಿಂದ ಬಂದವಳು ಎಂಬುದನ್ನೆಲ್ಲ ಕಣ್ಣು ಮುಚ್ಚಿ ಹೇಳುತ್ತಿದ್ದ ಹೆಂಗಸಿಗೆ ತನ್ನ ತಾಯಿ ಯಾರೆಂದು ಗೊತ್ತಿರಲಿಲ್ಲ. ಅದನ್ನು ಆಡಿಕೊಂಡು ಅಳುವ ಜಾತಿಯವಳಲ್ಲ. "ನನ್ನ ಫೈಲ್ ಎಲ್ಲೋ ತಪ್ಪು ಕಪಾಟಿನಲ್ಲಿದೆ, ಸಿಕ್ಕೇ ಸಿಗುತ್ತೆ," ಎನ್ನುತ್ತಿದ್ದಳು.

ಅವಳಿಗೆ ನಲವತ್ತೇಳು ತುಂಬಿದ ವರ್ಷ ಅನಾಥಾಲಯ ಮುಚ್ಚಿತು. ಅಲ್ಲಿಯ ಹಳೆಯ ಕಾಗದಗಳು ಮೂಟೆ ಕಟ್ಟಿಸಿಕೊಂಡು ಅವಳ ಕೋಣೆಗೇ ಬಂದವು. ಮೂರನೆಯ ಮೂಟೆಯಲ್ಲಿ ಅವಳ ಚೀಟಿ ಇತ್ತು: ಮೇಲಿನ ವಾರ್ಡು, ಇಂಥ ವರ್ಷ, ಹುಟ್ಟಿನ ರಿಜಿಸ್ಟರು, ನಂಬರ್ ಎಂಬತ್ತಾರು. ಅಷ್ಟೇ. ಅವಳು ಏಣಿ ಹತ್ತಿ ಆ ರಿಜಿಸ್ಟರು ತೆಗೆದು, ಕೆಳಗಿಳಿಯುವಷ್ಟೂ ತಾಳ್ಮೆಯಿಲ್ಲದೆ ಏಣಿಯ ಮೇಲೆಯೇ ತೆರೆದಳು.

"ಅಂಟಣ್ಣಾ!" ಎಂದು ಅವಳು ಕೂಗಿದ್ದು ಕೆಳಗಿನ ಬೈಂಡಿಂಗ್ ಕೋಣೆಗೂ ಕೇಳಿಸಿತ್ತು. "ನನಗೂ ಜನ ಇದ್ದಾರೆ ಕಣೋ!"

ಬಹುವಚನದಲ್ಲಿ ಬಿಟ್ಟರೆ ಯಾರನ್ನೂ ಮಾತಾಡಿಸದವಳು ಅವತ್ತೊಂದು ದಿನ ಅವನಿಗೆ "ಕಣೋ" ಎಂದಳು.

ಎಂಬತ್ತಾರನೆಯ ಪುಟದಲ್ಲಿ ಒಂದು ಹೆಣ್ಣುಮಗುವಿತ್ತು, ಅದರ ತಾಯಿಯಿದ್ದಳು, ತಾಯಿಯ ತಂದೆಯಿದ್ದ. ಆ ಎಳೆ ಹಿಡಿದು ರೆಕಾರ್ಡಮ್ಮ ಹೊರಟಳು. ತೆರಿಗೆ ಪಟ್ಟಿ, ಶಾಲೆಯ ದಾಖಲಾತಿ, ಮತದಾರರ ಪಟ್ಟಿ, ಸ್ಮಶಾನದ ಪುಸ್ತಕ, ಯಾವುದನ್ನೂ ಬಿಡಲಿಲ್ಲ. ಅಂಚೆಯವನಿಗೆ ಅವಳ ಮೆಟ್ಟಿಲು ಹತ್ತಿ ಹತ್ತಿ ಮಂಡಿನೋವು ಬಂತು. ಒಂದೂವರೆ ವರ್ಷದ ಮೇಲೆ, ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಒಬ್ಬ ದರ್ಜಿ ಸಿಕ್ಕಳು. ಆ ತಾಯಿಯ ದೊಡ್ಡಪ್ಪನ ಮೊಮ್ಮಗಳು. ರೆಕಾರ್ಡಮ್ಮನಿಗೆ ವರಸೆಯಲ್ಲಿ ತಂಗಿ.

ದರ್ಜಿಯಮ್ಮ ಮೊದಲ ಸಲ ಬಂದ ದಿನ ಅಂಟಣ್ಣನೂ ಇದ್ದ. ರೆಕಾರ್ಡಮ್ಮ ಬಂದವಳ ಎರಡೂ ಕೈಗಳನ್ನು ಹಿಡಿದುಕೊಂಡು ಮೊದಲು ನೋಡಿದ್ದು ಕಿರುಬೆರಳನ್ನು. ಅವಳ ಕಿರುಬೆರಳುಗಳೆರಡೂ ತುದಿಯಲ್ಲಿ ಒಳಕ್ಕೆ ಬಾಗಿದ್ದವು. ಚಿಕ್ಕಂದಿನಿಂದ ಅವಳು ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಕಂಡಕಂಡವರ ಕಿರುಬೆರಳು ನೋಡುತ್ತ ಬಂದಿದ್ದಳು. ದರ್ಜಿಯಮ್ಮನ ಬೆರಳು ಸೂಜಿಯಷ್ಟು ನೆಟ್ಟಗಿತ್ತು.

"ನಿಮ್ಮ ಕವಲಿಗೆ ಇಳಿದಿಲ್ಲ, ನಮ್ಮ ಕವಲಿಗೆ ಇಳಿದಿದೆ," ಎಂದು ರೆಕಾರ್ಡಮ್ಮ ತಾನೇ ಸಮಾಧಾನ ಹೇಳಿಕೊಂಡಳು.

"ನಮ್ಮಮ್ಮ ಹೇಳೋರು ಅಕ್ಕ, ಆ ಮಗು ಹತ್ತು ದಿನವೂ ಉಳೀಲಿಲ್ಲ ಅಂತ," ಎಂದಳು ದರ್ಜಿಯಮ್ಮ, ಮುಜುಗರದಿಂದ.

"ಮದುವೆ ಆಗದ ಹುಡುಗಿ ಹೆತ್ತ ಕೂಸನ್ನ ಸತ್ತಿತು ಅಂತಲೇ ಹೇಳ್ತಾರೆ ತಂಗಿ. ಎದುರು ನಿಂತಿದೀನಲ್ಲ, ಸತ್ತ ಹಾಗೆ ಕಾಣ್ತೀನಾ?"

ಇಬ್ಬರೂ ನಕ್ಕರು. ನಗುತ್ತಲೇ ಅತ್ತರು. ಅಂದಿನಿಂದ ತಿಂಗಳ ಮೊದಲ ಭಾನುವಾರ ದರ್ಜಿಯಮ್ಮ ಊಟದ ಡಬ್ಬಿ ಹಿಡಿದು ಬರುವುದು, ಮೂವರೂ ಕೂತು ಉಣ್ಣುವುದು ರೂಢಿಯಾಯಿತು. ಮೂರನೆಯವನು ಅಂಟಣ್ಣ. ಹೆಂಡತಿ ಮಕ್ಕಳಿಲ್ಲದ ಅವನನ್ನು ಬೇರೆ ಯಾವ ಮನೆಯೂ ತಟ್ಟೆಯಿಟ್ಟು ಕಾಯುತ್ತಿರಲಿಲ್ಲ. ಗೋಡೆಯ ಮೇಲೆ ಹದಿನಾಲ್ಕು ಹಾಳೆಗಳನ್ನು ಅಂಟಿಸಿ ಮಾಡಿದ ವಂಶವೃಕ್ಷವಿತ್ತು. ಅಂಟಿಸಿಕೊಟ್ಟವನು ಅವನು. ಅದರ ಬಲ ಮೂಲೆಯಲ್ಲಿ, ಯಾವ ಕೊಂಬೆಗೂ ತಾಗದಂತೆ, ರೆಕಾರ್ಡಮ್ಮ ಪೆನ್ಸಿಲಿನಲ್ಲಿ "ಅಂಟಣ್ಣ" ಎಂದು ಬರೆದಿದ್ದಳು.

*

ಸ್ಮಶಾನದ ಕಚೇರಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಜಾಗಗಳ ನಕ್ಷೆ. ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿಕೊಂಡು ಫಾರಂ ಮುಂದಿಟ್ಟ.

"ಸಂಬಂಧ ಅನ್ನೋ ಕಡೆ ಯಾರು ಬರೀತೀರಿ?"

"ನಾವು ಕಚೇರಿಯವರು," ಎಂದ ಜವಾನ. "ಮೂವತ್ತೆಂಟು ವರ್ಷದ ಪರಿಚಯ."

"ಪರಿಚಯಕ್ಕೆ ಇಲ್ಲಿ ಕಾಲಮ್ಮೇ ಇಲ್ಲ ಸ್ವಾಮಿ." ಗುಮಾಸ್ತ ಒರಟನಲ್ಲ, ಬೇಸತ್ತವನು. "ಹೊಸ ಜಾಗ ಕೊಡೋದು ನಿಂತು ಏಳು ವರ್ಷ ಆಯ್ತು, ಸ್ಮಶಾನ ತುಂಬಿದೆ. ಕುಟುಂಬದ ಜಾಗ ಇದ್ರೆ ಅಲ್ಲಿ, ಇಲ್ದಿದ್ರೆ ನಂಬರ್ ಸಾಲು. ಇನ್ನೂರ ಮೂವತ್ತೆಂಟು ಬೆಳಿಗ್ಗೆಯೇ ತೋಡಿಸಿದೀನಿ. ನಿನ್ನೆ ಮಳೆ ಬಂದಿದೆ, ಬಹಳ ಹೊತ್ತು ಬಿಟ್ರೆ ಕುಸಿಯುತ್ತೆ."

ಹನ್ನೊಂದೂ ಇಪ್ಪತ್ತಕ್ಕೆ ದರ್ಜಿಯಮ್ಮ ಬಂದಳು. ಬಸ್ ನಿಲ್ದಾಣದಿಂದ ನಡೆದೇ ಬಂದಿದ್ದಳು, ಚಪ್ಪಲಿಯ ತುಂಬ ಕೆಸರು. ಹೊರಗೆ ವ್ಯಾನಿನಲ್ಲಿದ್ದ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು ಒಳಗೆ ಬಂದಳು.

"ಎಲ್ಲಿ ಸಹಿ?"

ಗುಮಾಸ್ತ ನಕ್ಷೆಯ ಮೇಲೆ ಬೆರಳಿಟ್ಟ. "ನಿಮ್ಮ ಅಜ್ಜನ ಹೆಸರಿನಲ್ಲಿ ನಾಲ್ಕು ಜನರ ಜಾಗ. ಅಜ್ಜ, ಅಜ್ಜಿ, ನಿಮ್ಮ ಯಜಮಾನರು. ಒಂದು ಖಾಲಿ. ಅದು ನಿಮಗೇ ಅಂತ ಬರೆಸಿದೀರಿ."

"ಹೂಂ. ನನಗೇ."

"ಇವರನ್ನ ಅಲ್ಲಿ ಇಟ್ರೆ ನಿಮಗೆ ಇಲ್ಲಿ ಜಾಗ ಇರಲ್ಲ. ಆಮೇಲೆ ಬಂದು ನನ್ನ ಹತ್ರ ಜಗಳ ಆಡ್ಬಾರ್ದು."

"ಆಮೇಲೆ ನಾನು ಬಂದ್ರೆ ನೀವೇ ಹೆದರಿ ಓಡ್ತೀರಿ," ಎಂದಳು ದರ್ಜಿಯಮ್ಮ. ಜವಾನ ಕಿಸಕ್ಕೆಂದ. ಅವಳು ಮಾತ್ರ ನಗಲಿಲ್ಲ. ಪೆನ್ನು ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟಳು. "ಹತ್ತು ನಿಮಿಷ ಕೊಡಿ. ಅಂಟಣ್ಣ, ಒಂದು ಗಳಿಗೆ ಹೊರಗೆ ಬನ್ನಿ."

*

ತಪ್ಪು ನಡೆದದ್ದು ಅಂಟಣ್ಣ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಸೂರು ಸೋರಿ ಎರಡು ವಾರ್ಡುಗಳ ರಿಜಿಸ್ಟರುಗಳು ನೆನೆದು ಉಬ್ಬಿದ್ದವು. ಅವನು ಹೊಲಿಗೆ ಬಿಚ್ಚಿ, ಎಂಟೆಂಟು ಹಾಳೆಯ ಕಂತೆಗಳನ್ನು ತಾರಸಿಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ ಹಾಗೆ ಒಣಗಿಸಿದ. ಎರಡೂ ವಾರ್ಡಿಗೆ ಬರೆದವನು ಒಬ್ಬನೇ ಗುಮಾಸ್ತ, ಒಂದೇ ಕೈಬರಹ, ಎರಡರಲ್ಲೂ ನಂಬರುಗಳು ಒಂದರಿಂದಲೇ ಶುರು. ಒಟ್ಟುಮಾಡುವಾಗ ಎಂಬತ್ತೊಂದರಿಂದ ತೊಂಬತ್ತಾರರ ಕಂತೆ ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಹೋಯಿತು. ಆಮೇಲೆ ಬೂಸ್ಟು ಹಿಡಿದ ಅಂಚುಗಳನ್ನು ಕತ್ತರಿಸಿದ. ಮೇಲಂಚಿನ ಜೊತೆ ಪುಟದ ತಲೆಯ ಮೇಲಿದ್ದ ವಾರ್ಡಿನ ಹೆಸರು ಹೋಯಿತು. ಪಕ್ಕದಂಚಿನ ಜೊತೆ ಗುಮಾಸ್ತ ಆಮೇಲೆ ಬರೆದಿದ್ದ ಟಿಪ್ಪಣಿಗಳು ಹೋದವು. ಕನ್ನಡಿಯಂಥ ಅಂಚು ನೋಡಿ ಸಾಹೇಬರು ಬೆನ್ನು ತಟ್ಟಿದ್ದರು. ಆ ಶಭಾಸ್‌ಗಿರಿಯನ್ನು ಅವನು ಎಷ್ಟೋ ವರ್ಷ ಮೆಲುಕು ಹಾಕಿದ್ದ.

ಗೊತ್ತಾದದ್ದು ಎರಡು ವರ್ಷದ ಹಿಂದೆ. ಮೇಲಿನ ವಾರ್ಡಿನ ಆ ರಿಜಿಸ್ಟರಿನ ಬೆನ್ನು ಕಿತ್ತು ಬಂದಿತ್ತು. ಹಳೆಯ ಹೊಲಿಗೆ ಬಲ್ಲವರು ಬೇರೆ ಯಾರೂ ಇಲ್ಲವೆಂದು ನಿವೃತ್ತನಾದ ಅವನನ್ನೇ ಕರೆಸಿದರು. ಬಿಚ್ಚಿ ನೋಡುತ್ತಾನೆ, ಎಲ್ಲ ಕಂತೆಗಳ ಬೆನ್ನಿನಲ್ಲೂ ಮೊಟ್ಟಮೊದಲ ಹೊಲಿಗೆಯ ತೂತು ಐದು. ಒಂದರಲ್ಲಿ ಮಾತ್ರ ನಾಲ್ಕು. ಕೆಳಗಿನ ವಾರ್ಡಿನ ರಿಜಿಸ್ಟರು ತರಿಸಿದ. ಅಲ್ಲಿ ಎಲ್ಲಕ್ಕೂ ನಾಲ್ಕು, ಒಂದಕ್ಕೆ ಐದು. ಸೂಜಿ ಕೆಳಗಿಟ್ಟ. ರೆಕಾರ್ಡಮ್ಮ ಏಣಿಯ ಮೇಲೆ ನಿಂತು ಓದಿದ್ದ ಎಂಬತ್ತಾರರ ಪಕ್ಕದಂಚಿನಲ್ಲಿ ಅರ್ಧ ಕತ್ತರಿಸಿಹೋದ ಅಕ್ಷರಗಳಿದ್ದವು. ಭೂತಕನ್ನಡಿ ಹಿಡಿದರೆ "ಹತ್ತನೇ ದಿನ" ಎನ್ನುವುದರ ಬಾಲ ಕಾಣುತ್ತಿತ್ತು. ಆ ಮಗು ನಿಜಕ್ಕೂ ಸತ್ತಿತ್ತು.

ಐದು ತೂತಿನ ಎಂಬತ್ತಾರರಲ್ಲಿದ್ದ ಮಗುವೇ ರೆಕಾರ್ಡಮ್ಮ. ತಂದೆ: ತಿಳಿಯದು. ಹುಟ್ಟು ಬರೆಸಿದವನು ತಾಯಿಯ ಅಣ್ಣ, ಕೊಡೆ ರಿಪೇರಿಯವನು.

ಎಳೆ ಹಿಡಿದು ಹುಡುಕುವ ವಿದ್ಯೆಯನ್ನು ಇಷ್ಟು ವರ್ಷ ಅವಳ ಪಕ್ಕ ಕೂತು ಕಲಿತಿದ್ದ. ಮೂರೇ ವಾರದಲ್ಲಿ ಆ ಅಣ್ಣನ ಮಗ ಸಿಕ್ಕ. ಅವನೂ ಕೊಡೆ ರಿಪೇರಿಯವನೇ. ಅದೇ ಊರಿನ, ಕಾಲುವೆ ಪಕ್ಕದ ವೃದ್ಧಾಶ್ರಮದಲ್ಲಿದ್ದ. ಅಂಟಣ್ಣ ಒಂದು ಕಡ್ಡಿ ಮುರಿದ ಕೊಡೆ ಹಿಡಿದುಕೊಂಡು ಹೋದ. ಮುದುಕ ಕಿಟಕಿಯ ಬಳಿ ಕೂತಿದ್ದ. ಕೊಡೆ ಬಿಚ್ಚಿ ಕಡ್ಡಿ ತಡವಿದ ಆ ಕೈಗಳ ಕಿರುಬೆರಳುಗಳೆರಡೂ ತುದಿಯಲ್ಲಿ ಒಳಕ್ಕೆ ಬಾಗಿದ್ದವು.

"ಎಲ್ಲಿ ಕೆಲಸ ತಮ್ಮದು?"

"ದಾಖಲೆ ಕಚೇರಿಯಲ್ಲಿದ್ದೆ."

ಮುದುಕನ ಕೈ ನಿಂತಿತು. "ಹಾಗಾದ್ರೆ ಒಂದು ಮಾತು ಕೇಳ್ಲಾ? ನಮ್ಮತ್ತೆಗೆ ಒಂದು ಹೆಣ್ಣುಮಗು ಆಗಿತ್ತಂತೆ. ಅನಾಥಾಲಯಕ್ಕೆ ಬಿಟ್ಟು ಬಂದ್ವಿ, ಹುಡುಕು ಅಂತ ಅಪ್ಪ ಸಾಯುವಾಗ ಹೇಳಿದ್ರು. ನಾನೆಲ್ಲಿ ಹುಡುಕ್ಲಿ ಸ್ವಾಮಿ, ಓದು ಬರಹ ಇಲ್ದೋನು. ನಿಮ್ಮ ಪುಸ್ತಕದಲ್ಲಿ ಏನಾದ್ರೂ ಇದೆಯಾ?"

ಅವಳು ಇಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿದ್ದಳು. ಗೋಡೆಯ ತುಂಬ ಬೇರೆಯವರ ವಂಶವನ್ನು ಅಂಟಿಸಿಕೊಂಡು ಕೂತಿದ್ದಳು. ಹೇಳಿದರೆ ಅವಳ ಹದಿನೆಂಟು ವರ್ಷ ಸುಳ್ಳಾಗುತ್ತದೆ, ದರ್ಜಿಯಮ್ಮ ಪರಕೀಯಳಾಗುತ್ತಾಳೆ, ಅವಳ ಎದೆ ಒಡೆಯುತ್ತದೆ ಎಂದು ಅಂಟಣ್ಣ ತನಗೆ ತಾನೇ ಹೇಳಿಕೊಂಡ. ಅದು ಅರ್ಧ ನಿಜ. ಇನ್ನರ್ಧ ನಿಜವೇನೆಂದರೆ, ಭಾನುವಾರದ ಆ ಮೂರನೆಯ ತಟ್ಟೆ ಅವನಿಗೆ ಬೇಕಾಗಿತ್ತು.

"ಇಲ್ಲ," ಎಂದ. "ಆ ವರ್ಷದ ಪುಸ್ತಕ ನೀರು ಬಿದ್ದು ಹಾಳಾಗಿದೆ."

ವಾರದ ಮೇಲೆ ಹೋಗಿ ಕೊಡೆ ತಂದ. ಒಳ್ಳೆಯ ಕೆಲಸ, ಹೊಸದಕ್ಕಿಂತ ಗಟ್ಟಿ. ಮತ್ತೆ ಆ ಕಡೆ ಹೋಗಲಿಲ್ಲ. ಹನ್ನೊಂದು ತಿಂಗಳ ಹಿಂದೆ ಆಶ್ರಮದ ಮೇಲ್ವಿಚಾರಕಿಯ ಫೋನು ಬಂತು. "ಅವರನ್ನ ನೋಡೋಕೆ ಬಂದವರ ಪುಸ್ತಕದಲ್ಲಿ ನಿಮ್ಮದೊಂದೇ ಹೆಸರಿದೆ. ನೀವು ಸಂಬಂಧಿಕರಾ?"

"ಅಲ್ಲ," ಎಂದ ಅಂಟಣ್ಣ. "ಎಲ್ಲಿಗೆ ಹಾಕ್ತೀರಿ?"

"ನಂಬರ್ ಸಾಲಿಗೆ. ಇನ್ನೂರ ಮೂವತ್ತೊಂದು."

*

ಕಚೇರಿಯ ಹಿಂದೆ ಒಂದು ಕಲ್ಲುಬೆಂಚಿತ್ತು. ದರ್ಜಿಯಮ್ಮ ಕೂತಳು. ಅಂಟಣ್ಣ ಅದೇ ಕೊಡೆಯನ್ನು ಬೆಂಚಿಗೆ ಒರಗಿಸಿ ನಿಂತೇ ಇದ್ದ.

"ನಮ್ಮ ಯಜಮಾನ್ರು ಬಸ್ ಕಂಡಕ್ಟರು, ನಿಮಗೆ ಗೊತ್ತಲ್ಲ," ಎಂದು ಅವಳು ಶುರುಮಾಡಿದಳು. "ಕೊನೇ ದಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಏನಂದ್ರು ಗೊತ್ತಾ? ನಾನು ಮುಂಚೆ ಹೋಗಿ ಕರವಸ್ತ್ರ ಹಾಕಿ ನಿನಗೊಂದು ಸೀಟ್ ಹಿಡಿದಿರ್ತೀನಿ, ನೀನು ನಿಧಾನವಾಗಿ ಬಾ ಅಂದ್ರು. ಆರು ವರ್ಷದಿಂದ ಅದೇ ಮಾತು ಹಿಡ್ಕೊಂಡು ಬದುಕಿದೀನಿ."

ಅಂಟಣ್ಣ ಜಾರುತ್ತಿದ್ದ ಕೊಡೆಯನ್ನು ಮತ್ತೆ ಒರಗಿಸಿದ.

"ಅಕ್ಕ ನಮ್ಮ ರಕ್ತ ಆದ್ರೆ, ಆ ಸೀಟ್ ಬಿಟ್ಟುಕೊಡ್ಲೇಬೇಕು. ಹುಟ್ಟಿದಾಗ ಒಂದ್ಸಲ ಬಿಸಾಕಿದೀವಿ, ಸತ್ತಾಗಲೂ ಬಿಸಾಕೋಕಾಗಲ್ಲ. ಆದ್ರೆ ರಕ್ತ ಅಲ್ದಿದ್ರೆ..." ಅವಳು ಅವನ ಮುಖ ನೋಡಿದಳು. "ನಾನೇನೂ ಧರ್ಮಾತ್ಮಳಲ್ಲ ಅಂಟಣ್ಣ. ಅಕ್ಕನ್ನ ನಾನು ಬಹಳ ಇಷ್ಟಪಟ್ಟಿದ್ದೆ. ಹಾಗಂತ ಗಂಡನ ಪಕ್ಕದ ಜಾಗ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಕೇಳ್ತೀನಿ, ನಿಜ ಹೇಳಿ. ಅಕ್ಕ ಒಂದ್ಸಲ ನನ್ನ ಕರ್ಕೊಂಡು ಹೋಗಿ ಆ ಪುಸ್ತಕ ತೋರ್ಸಿದ್ರು. ಅವರು ಅಕ್ಷರ ನೋಡ್ತಿದ್ರು, ನಾನು ಹೊಲಿಗೆ ನೋಡ್ದೆ. ಕಸುಬು ಬಿಡುತ್ತಾ? ಬೇರೆ ಹಾಳೆಗಳಿಗೆಲ್ಲ ಹಳೇ ತೂತು ಐದು. ಆ ಕಂತೆಗೆ ನಾಲ್ಕು. ಬೇರೆ ಬಟ್ಟೆಯ ತುಂಡು ತಂದು ಸೇರಿಸಿದ ಹಾಗಿತ್ತು. ಅಕ್ಕನ ಸಂತೋಷ ಯಾಕೆ ಕೆಡಿಸ್ಲಿ ಅಂತ ಬಾಯಿ ಮುಚ್ಚಿಕೊಂಡೆ. ಬೈಂಡ್ ಹಾಕಿದವರು ನೀವು. ಆ ಕಂತೆ ಆ ಪುಸ್ತಕದ್ದೇನಾ?"

ಹತ್ತಿರದಲ್ಲಿ ಯಾರೋ ಸಲಿಕೆ ಒರೆಸುತ್ತಿದ್ದ ಸದ್ದು ಬರುತ್ತಿತ್ತು. ಅಲ್ಲ ಎಂಬ ಎರಡಕ್ಷರ ಅಂಟಣ್ಣನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನಂದರೆ ಮೂವತ್ತೆಂಟು ವರ್ಷ ಊರಿನ ಒಂದು ಹೆಸರೂ ಕಳೆದುಹೋಗದಂತೆ ನೋಡಿಕೊಂಡವಳು ಇನ್ನು ಹತ್ತು ನಿಮಿಷಕ್ಕೆ ಒಂದು ಅಂಕಿಯಾಗುತ್ತಾಳೆ. ಅದನ್ನಂದರೆ ದರ್ಜಿಯಮ್ಮ ಮುಂದಿನ ಪ್ರಶ್ನೆ ಕೇಳುತ್ತಾಳೆ: ನಿಮಗೆ ಯಾವಾಗ ಗೊತ್ತಾಯ್ತು? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದನೋ ಅವನಿಗೇ ತಿಳಿಯಲಿಲ್ಲ.

"ಅದೇ ಪುಸ್ತಕದ್ದು," ಎಂದ. ಮೊದಲ ಮಾತು ಹೊರಬಿದ್ದ ಮೇಲೆ ಉಳಿದದ್ದು ಸಲೀಸಾಗಿ ಬಂತು. "ಹಳೇ ಕಾಲದವರು ದಾರ ಸಾಲದಿದ್ರೆ ಮಧ್ಯೆ ಒಂದೊಂದು ಕಂತೆ ನಾಲ್ಕು ತೂತಿಗೇ ಮುಗಿಸೋರು. ಎಷ್ಟೋ ಪುಸ್ತಕದಲ್ಲಿ ನೋಡಿದೀನಿ. ಅನುಮಾನವೇ ಬೇಡ. ಅವರು ನಿಮ್ಮವರೇ."

ದರ್ಜಿಯಮ್ಮ ಬಹಳ ಹೊತ್ತು ತನ್ನ ನೆಟ್ಟಗಿನ ಬೆರಳುಗಳನ್ನು ನೋಡಿಕೊಂಡಳು.

"ಸರಿ," ಎಂದು ಎದ್ದಳು. "ನೀವು ಹೇಳಿದ್ಮೇಲೆ ಆಯ್ತು. ಯಜಮಾನ್ರಿಗೆ ಸಿಟ್ಟು ಬರುತ್ತೆ, ಬರ್ಲಿ. ಬದುಕಿದ್ದಾಗಲೂ ನಾನು ತಡವಾಗಿ ಬರ್ತಿದ್ದೆ."

ಒಳಗೆ ಹೋಗಿ ಸಹಿ ಹಾಕಿದಳು. ಸಂಬಂಧ ಎನ್ನುವ ಕಡೆ ದೊಡ್ಡ ಅಕ್ಷರದಲ್ಲಿ "ಅಕ್ಕ" ಎಂದು ಬರೆದಳು. ಅದು ಸಾಲದು, ವಿವರವಾಗಿ ಬರೆಯಿರಿ ಎಂದ ಗುಮಾಸ್ತ. ಚಿಕ್ಕಜ್ಜನ ಮೊಮ್ಮಗಳು ಎಂದು ಕೆಳಗೆ ಸೇರಿಸಿದಳು. ಆಗ ಹನ್ನೆರಡಕ್ಕೆ ಎಂಟು ನಿಮಿಷವಿತ್ತು.

*

ತೋಡಿ ಹೂಳುವ ಕೆಲಸ ಮೂರೂಕಾಲು ಗಂಟೆ ಹಿಡಿಯಿತು. ಒದ್ದೆ ಮಣ್ಣು ಸಲಿಕೆಗೆ ಮೆತ್ತಿಕೊಳ್ಳುತ್ತಿತ್ತು. ಅಗೆಯುವವನು ಪದೇಪದೇ ನಿಂತು ಅದನ್ನು ಕೆರೆದು ತೆಗೆಯುತ್ತಿದ್ದ. ಅಜ್ಜನ ಕಲ್ಲಿನ ಪಕ್ಕ ಅಜ್ಜಿಯ ಕಲ್ಲು, ಅದರ ಪಕ್ಕಕ್ಕೆ ಕಂಡಕ್ಟರನ ಕಲ್ಲು, ಅದರ ಆಚೆ ಪೆಟ್ಟಿಗೆ ಇಳಿಯಿತು. ದರ್ಜಿಯಮ್ಮ ಗಂಡನ ಕಲ್ಲಿನ ಮೇಲೆ ಬಿದ್ದ ಮಣ್ಣನ್ನು ಕೈಯಿಂದ ಗುಡಿಸಿದಳು.

"ಪುಣ್ಯವಂತೆ," ಎಂದಳು ಯಜಮಾನಿ. "ಯಾರೂ ಇಲ್ಲ ಯಾರೂ ಇಲ್ಲ ಅಂತಿದ್ದು, ಕೊನೆಗೆ ತನ್ನವರ ಮಧ್ಯೆ ಮಲಗಿದ್ಲು."

"ಎಲ್ಲ ಅವರೇ ಹುಡುಕಿಕೊಂಡದ್ದು," ಎಂದ ಜವಾನ. "ಬೇರೆ ಯಾರಾಗಿದ್ರೂ ಕೈಚೆಲ್ಲಿ ಕೂರ್ತಿದ್ರು. ಅಲ್ವಾ ಅಂಟಣ್ಣ?"

"ಹೌದು," ಎಂದ ಅಂಟಣ್ಣ. ಅವನು ಅಳುತ್ತಿದ್ದಾನೆಂದು ಜವಾನ ಅವನ ಭುಜ ತಟ್ಟಿದ. ಅವನು ಅಳುತ್ತಲೂ ಇದ್ದ.

ಜವಾನನೂ ಯಜಮಾನಿಯೂ ವ್ಯಾನಿನಲ್ಲೇ ಹೊರಟರು. ದರ್ಜಿಯಮ್ಮನಿಗೆ ಬಸ್ ನಿಲ್ದಾಣದ ಕಡೆಯ ಗೇಟು ಹತ್ತಿರ. ಅಂಟಣ್ಣ ಅವಳನ್ನು ಅಲ್ಲಿಯವರೆಗೆ ಬಿಡಲು ಹೊರಟ. ಆ ದಾರಿ ನಂಬರ್ ಸಾಲಿನ ಪಕ್ಕದಿಂದಲೇ ಹೋಗುತ್ತಿತ್ತು. ಅದು ಅವನಿಗೆ ಗೊತ್ತಾದದ್ದು ಗೂಟಗಳು ಕಣ್ಣಿಗೆ ಬಿದ್ದ ಮೇಲೆ.

ಸಾಲಿನ ಕೊನೆಯಲ್ಲಿ ಹೊಸ ಗುಂಡಿಯೊಂದು ಬಾಯ್ದೆರೆದಿತ್ತು. ಅದರ ತಲೆಯ ಕಡೆ ಆಗಲೇ ನೆಟ್ಟಿದ್ದ ಗೂಟದ ಮೇಲೆ 238 ಎಂದಿತ್ತು. ಅಗೆಯುವವನು ಅದರ ಮೇಲೆ ಹಲಗೆಗಳನ್ನು ಹಾಸುತ್ತಿದ್ದ.

"ಇದನ್ನ ಮುಚ್ಚಲ್ವಾ?" ಎಂದು ದರ್ಜಿಯಮ್ಮ ಕೇಳಿದಳು.

"ತೋಡಿದ್ದನ್ನ ಯಾಕೆ ಮುಚ್ಚೋದಮ್ಮ? ಯಾರಾದ್ರೂ ಬಂದೇ ಬರ್ತಾರೆ."

ಅಂಟಣ್ಣ ನಡೆಯುತ್ತಲೇ ಲೆಕ್ಕ ಹಾಕಿದ. ಮೂವತ್ತೇಳು, ಮೂವತ್ತಾರು, ಮೂವತ್ತೈದು. ತಾನು ಬೆಂಚಿನ ಬಳಿ ನಿಜ ಹೇಳಿದ್ದರೆ ರೆಕಾರ್ಡಮ್ಮ ಇಲ್ಲಿಗೆ ಬರುತ್ತಿದ್ದಳು. ಮೂವತ್ನಾಲ್ಕು, ಮೂವತ್ಮೂರು. ತನ್ನವರನ್ನು ಕಾಣದೆಯೇ ಅರವತ್ತೆಂಟು ವರ್ಷ ಬದುಕಿದವಳು ತನ್ನ ಸೋದರಮಾವನ ಮಗನಿಂದ ಏಳು ಗೂಟ ದೂರದಲ್ಲಿ ಮಲಗುತ್ತಿದ್ದಳು. ಮೂವತ್ತೊಂದರ ಬಳಿ ಅವನ ಕಾಲುಗಳು ನಿಂತುಬಿಟ್ಟವು.

"ನಿಲ್ಲಿ ನಿಲ್ಲಿ, ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದಳು ದರ್ಜಿಯಮ್ಮ. "ಈ ಚಪ್ಪಲಿ ಹಾಕ್ಕೊಂಡು ಹೋದ್ರೆ ಬಸ್ ಹತ್ತಿಸ್ಕೊಳ್ಳಲ್ಲ. ಎಂಥ ಮಣ್ಣು ರೀ ಇದು, ನಿಮ್ಮ ಅಂಟಿಗಿಂತ ಗಟ್ಟಿ. ಆ ಕೊಡೆ ಕೊಡಿ ಇಲ್ಲಿ."

ಅವನು ಕೊಟ್ಟ. ಅವಳು ಅದನ್ನು ನೆಲಕ್ಕೂರಿ ಭಾರ ಬಿಟ್ಟು, ಕಾಲೆತ್ತಿ, ಪಕ್ಕದಲ್ಲೇ ಇದ್ದ ಗೂಟದ ಅಂಚಿಗೆ ಚಪ್ಪಲಿ ಉಜ್ಜಿದಳು. ರೆಕಾರ್ಡಮ್ಮನ ಗುಂಡಿಯ ಮಣ್ಣು ಹೆಂಟೆಹೆಂಟೆಯಾಗಿ ಬಿತ್ತು. ಬೀಳದ್ದು ಗೂಟಕ್ಕೆ ಮೆತ್ತಿಕೊಂಡಿತು.

"ಕೊಡೆ ಚೆನ್ನಾಗಿದೆ," ಎಂದಳು, ಕಾಲು ಬದಲಿಸುತ್ತ. "ಯಾರು ಮಾಡಿಕೊಟ್ಟದ್ದು?"

ಅಂಟಣ್ಣನ ಬಾಯಿ ತೆರೆದುಕೊಂಡಿತು. ಅವಳು ಉತ್ತರಕ್ಕೆ ಕಾಯಲಿಲ್ಲ. ಇನ್ನೊಂದು ಚಪ್ಪಲಿಯನ್ನೂ ಅದೇ ಗೂಟಕ್ಕೆ ಚೆನ್ನಾಗಿ ಒರೆಸಿ, ನೆಲಕ್ಕೆ ಎರಡು ಸಲ ಕುಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಗೇಟಿನ ಕಡೆ ನಡೆದಳು. ಗೂಟದ ಮೇಲಿನ ಎರಡು ಮತ್ತು ಮೂರು ಕೆಸರಿನಡಿ ಮುಚ್ಚಿಹೋಗಿದ್ದವು. ಕೊನೆಯ ಒಂದು ಮಾತ್ರ ಕಾಣುತ್ತಿತ್ತು.